ಭಾರ ಬಿದ್ದಲ್ಲಿ ಬಿಳಿ

ನಮ್ಮ ಕೆಲಸದ ಕೋಣೆಯಲ್ಲಿ ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಎಲ್ಲಕ್ಕೂ ತೂಕಡಿಕೆ ಬರುತ್ತದೆ. ಚರ್ಮದ ಹಾಳೆಗಳು ಗೋಡೆಗೊರಗಿ ಮೆತ್ತಗಾಗುತ್ತವೆ. ಅಂಟಿನ ಡಬ್ಬದ ವಾಸನೆ ಎಲ್ಲಿಗೂ ಹೋಗದೆ ಅಲ್ಲೇ ನಿಂತುಬಿಡುತ್ತದೆ. ಕಿಟಕಿಯ ಬಿಸಿಲು ಕಪಾಟಿನ ಮೇಲಿನ ಮರದ ಅಚ್ಚುಗಳನ್ನು ಒಂದೊಂದಾಗಿ ಮುಟ್ಟುತ್ತ ಒಳಗೋಡೆಯ ಕಡೆಗೆ ಹೋಗುತ್ತದೆ. ನಾನು ಹೊಲಿಗೆ ನಿಲ್ಲಿಸಿ ಕಣ್ಣು ಮುಚ್ಚುತ್ತೇನೆ. ಮುಚ್ಚಿದರೆ ಪಾದಗಳು ಕಾಣುತ್ತವೆ, ಮನುಷ್ಯರಿಲ್ಲದ ಬರೀ ಪಾದಗಳು, ಯಾವುದೋ ಗಾಜಿನ ನೆಲದ ಮೇಲೆ ಸದ್ದಿಲ್ಲದೆ ಓಡಾಡುತ್ತಿರುತ್ತವೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳ ಕನಸಿನಲ್ಲಿ ಇನ್ನೇನು ಬರಬೇಕು, ರಾಜಕುಮಾರನೇ?

ಅಕ್ಕ ಮತ್ತು ನಾನು ತೊಂದರೆಯ ಪಾದಗಳಿಗೆ ಬೂಟು ಮಾಡುವವರು. ಒಂದು ಕಾಲು ಗಿಡ್ಡ ಇರುವವರು, ಹೆಬ್ಬೆರಳು ಪಕ್ಕಕ್ಕೆ ವಾಲಿದವರು, ಅಪಘಾತದಲ್ಲಿ ಅರ್ಧ ಪಾದ ಕಳೆದುಕೊಂಡವರು, ಹೀಗೆ ಅಂಗಡಿಯ ಬೂಟು ಯಾರಿಗೆ ಆಗಿಬರುವುದಿಲ್ಲವೋ ಅವರೆಲ್ಲ ನಮ್ಮಲ್ಲಿಗೆ ಬರುತ್ತಾರೆ. ಕತ್ತರಿಸುವುದು, ಹೊಲಿಯುವುದು, ಅಂಟಿಸುವುದು ನನ್ನ ಪಾಲು. ಪಾದ ಓದುವುದು ಅಕ್ಕನ ಪಾಲು.

ಓದುವುದು ಅಂತ ಸುಮ್ಮನೆ ಹೇಳಿದ್ದಲ್ಲ. ಕಿಟಕಿಯಿರುವ ಗೋಡೆಯ ಪಕ್ಕದಲ್ಲೇ ಒಂದು ಗೇಣು ಎತ್ತರದ ಮರದ ಪೆಟ್ಟಿಗೆ ಇದೆ. ಹತ್ತುವಾಗ ಹಿಡಿದುಕೊಳ್ಳಲು ಎರಡೂ ಪಕ್ಕ ಕಂಬಿ. ಪೆಟ್ಟಿಗೆಯ ಮೇಲ್ಭಾಗಕ್ಕೆ ಒಡೆಯದಂಥ ದಪ್ಪ ಗಾಜು, ಗಾಜಿನ ಕೆಳಗೆ ಮುಚ್ಚಳ ಕಿತ್ತ ಹಳೆಯ ಸ್ಕ್ಯಾನರ್ ಆಕಾಶ ನೋಡುತ್ತ ಮಲಗಿದೆ. ಬಂದವರು ಬರಿಗಾಲಲ್ಲಿ ಗಾಜಿನ ಮೇಲೆ ನಿಲ್ಲಬೇಕು. ಕೆಳಗಿನ ದೀಪ ಹಿಮ್ಮಡಿಯಿಂದ ಬೆರಳುಗಳ ಕಡೆಗೆ ನಲವತ್ತು ಸೆಕೆಂಡು ತೆಗೆದುಕೊಂಡು ಸರಿಯುತ್ತದೆ. ಪಕ್ಕದ ಕಂಪ್ಯೂಟರಿನಲ್ಲಿ ಎರಡು ಅಂಗಾಲುಗಳ ಚಿತ್ರ ಗೆರೆಗೆರೆಯಾಗಿ ಮೂಡುತ್ತದೆ. ಭಾರ ಬಿದ್ದ ಕಡೆ ರಕ್ತ ಸರಿದು ಚರ್ಮ ಬಿಳಿಚಿಕೊಂಡಿರುತ್ತದೆ, ಭಾರ ಬೀಳದ ಕಡೆ ಮಾಮೂಲಿ ಬಣ್ಣ. ಆ ಬಿಳಿಯನ್ನು ಅಕ್ಕ ಓದುತ್ತಿದ್ದಳು. "ಎಡಗಡೆ ಮಂಡಿ ನೋಯುತ್ತೆ ಅಲ್ವಾ ನಿಮಗೆ? ಮೆಟ್ಟಿಲು ಇಳಿಯೋವಾಗ?" ಅನ್ನುತ್ತಿದ್ದಳು. ನಿಂತವರು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಚಿತ್ರ ತೆಗೆಯುವಾಗ ಅವಳದು ಒಂದೇ ನಿಯಮ. ಕಂಬಿ ಬಿಡಬೇಕು, ಯಾರೂ ಹಿಡಿದುಕೊಳ್ಳಬಾರದು. ಹೆತ್ತ ತಾಯಿ ಬಂದು ಮಗುವಿನ ಭುಜ ಮುಟ್ಟಿದರೂ ಅಕ್ಕ ಗದರುತ್ತಿದ್ದಳು. ಒಮ್ಮೆ ಒಬ್ಬ ಬಡಗಿಯ ಚಿತ್ರ ಬಂತು, ಬಲ ಪಾದದಲ್ಲಿ ಎಲ್ಲೂ ಬಿಳಿ ಇಲ್ಲ. ಅಕ್ಕ ತುಂಬ ಹೊತ್ತು ನೋಡಿ, "ಈ ಕಾಲು ನೆಲ ಮುಟ್ಟಿದೆ ಅಷ್ಟೇ ಅಣ್ಣಾ, ನಿಂತಿಲ್ಲ. ಇದಕ್ಕೆ ನಮ್ಮ ಬೂಟು ಏನೂ ಮಾಡಲ್ಲ" ಅಂದುಬಿಟ್ಟಳು. ಆತ ಹೋದ ಮೇಲೆ ಆ ದಿನ ಅವಳು ಊಟ ಮಾಡಲಿಲ್ಲ.

ಅಂಥ ಅಕ್ಕನಿಗೆ ನಾಲ್ಕು ತಿಂಗಳ ಹಿಂದೆ ಎಡಗಡೆ ಲಕ್ವ ಹೊಡೆಯಿತು.

ಮಾತು ಪೂರ್ತಿ ಹೋಗಲಿಲ್ಲ, ಚೂರುಚೂರಾಗಿ ಬರುತ್ತಿತ್ತು. ಎಡಗೈ ಸ್ವಲ್ಪ ಸ್ವಲ್ಪ ಮಡಚುತ್ತಿತ್ತು. ಕಾಲು ಮಾತ್ರ ಒಳಕ್ಕೆ ತಿರುಗಿಕೊಂಡಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವಳು ಅಲ್ಲಿಂದ ಏಳಲು ಸುತಾರಾಂ ಒಪ್ಪಲಿಲ್ಲ. ಸ್ನಾನದ ಮನೆಗೂ ಹಾಸಿಗೆಗೂ ನಾನೇ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗಬೇಕಿತ್ತು. ವ್ಯಾಯಾಮ ಮಾಡಿಸಲು ಬರುವ ಫಿಸಿಯೋ, "ಕೈಯಲ್ಲಿ ಏನಾದ್ರೂ ಇಟ್ಕೊಂಡು ಹಿಸುಕ್ತಾ ಇರಿ" ಅಂದಾಗ ಅಕ್ಕ ರಬ್ಬರ್ ಚೆಂಡನ್ನು ದೂರ ತಳ್ಳಿ, ನನ್ನ ಮೇಜಿನ ಮೇಲಿದ್ದ ದೊಡ್ಡ ಹಿತ್ತಾಳೆ ಬಕಲ್ ಕೇಳಿ ತೆಗೆದುಕೊಂಡಳು. ಅಂದಿನಿಂದ ಬಕಲ್ ಅವಳ ಎಡಗೈಯಲ್ಲೇ ಇರುತ್ತಿತ್ತು.

ಅದೇ ಫಿಸಿಯೋ ಒಂದು ದಿನ ನನ್ನನ್ನು ಬಾಗಿಲಾಚೆ ಕರೆದು ಹೇಳಿದಳು. "ಕಾಲಿಗೆ ಜೀವ ಇದೆ ಆಂಟಿ. ಸರಿಯಾದ ಬೂಟು ಹಾಕಿ ಈ ತಿಂಗಳಲ್ಲಿ ಭಾರ ಹಾಕೋಕೆ ಶುರು ಮಾಡದಿದ್ರೆ ಪಾದದ ಹರಡು ಹೀಗೇ ಬಿಗಿದುಬಿಡುತ್ತೆ. ಆಮೇಲೆ ಕುರ್ಚಿಯೇ ಗತಿ."

ಬೂಟು ಮಾಡುವುದೇನು ಮಹಾ, ಅದು ನನ್ನ ಅನ್ನ. ಆದರೆ ಅಳತೆ ಪಟ್ಟಿ ಹಿಡಿದುಕೊಂಡು ಹತ್ತಿರ ಹೋದರೆ ಅಕ್ಕ ಬಲಗಾಲಿಂದ ನನ್ನ ಕೈಯನ್ನು ಒದ್ದಳು. "ಚಿತ್ರ ಇಲ್ದೆ... ಬೂಟು ಬೇಡ." ಒಂದು ವಾರ ಗೋಗರೆದೆ, ಬೈದೆ, ಮುಖ ಊದಿಸಿಕೊಂಡು ಓಡಾಡಿದೆ. ಕಡೆಗೊಂದು ದಿನ ಅವಳೇ, "ಸೋಮವಾರ ನಿಲ್ತೀನಿ" ಅಂದಳು. ನನಗೆ ಸ್ವರ್ಗ ಮೂರೇ ಗೇಣು. ಭಾನುವಾರ ಸಂಜೆ ನಮ್ಮ ಹದಿನೈದು ವರ್ಷದ ಕಂಪ್ಯೂಟರ್ ಹಿಂಬದಿಯಿಂದ ಒಂದಿಷ್ಟು ಹೊಗೆ ಬಿಟ್ಟು ಕಣ್ಣು ಮುಚ್ಚಿತು.

"ಪಾಪ, ಮಲಗ್ತು" ಅಂದಳು ಅಕ್ಕ. ಅವಳ ಮುಖದ ಮೇಲೆ ಅಂಥ ದುಃಖವೇನೂ ಕಾಣಲಿಲ್ಲ.

ಬುಧವಾರ ಹೋಗಿ ಹೊಸ ಕಂಪ್ಯೂಟರ್ ತಂದೆ. ಹೋಗಿ ಬರಲು ಎರಡು ಗಂಟೆ ಹಿಡಿಯಿತು. ತೆಳ್ಳಗೆ ಬೆಳ್ಳಗೆ ಮದುಮಗನ ಹಾಗಿತ್ತು. ಆದರೆ ಅದಕ್ಕೂ ನಮ್ಮ ಸ್ಕ್ಯಾನರಿಗೂ ಜಪ್ಪಯ್ಯ ಅಂದರೂ ಹೊಂದಲಿಲ್ಲ. ಸ್ಕ್ಯಾನರಿನ ಕೇಬಲ್ಲಿಗೆ ಚೌಕಾಕಾರದ ದೊಡ್ಡ ಮೂತಿ, ಕಂಪ್ಯೂಟರಿಗೆ ಅಕ್ಕಿಕಾಳು ತೂರುವಷ್ಟು ತೂತು. ಬೇರೆ ದಾರಿ ಕಾಣದೆ ಭಾವನಿಗೆ ಫೋನು ಮಾಡಿದೆ.

ಭಾವ ಅಂದರೆ ನಮ್ಮ ಸೋದರಮಾವನ ಮಗ. ಮುದ್ರಣಾಲಯದಲ್ಲಿ ಪುಟ ಕಟ್ಟುವ ವಿಭಾಗದಲ್ಲಿದ್ದು ನಿವೃತ್ತನಾದವನು. ದೇಹ ದೊಡ್ಡದು, ನಡಿಗೆ ನಿಧಾನ, ಮಾತು ಅದಕ್ಕಿಂತ ನಿಧಾನ. ಮಾತಿನ ನಡುವೆ ಕಣ್ಣು ಮುಚ್ಚಿದರೆ ಯೋಚನೆಯೋ ನಿದ್ದೆಯೋ ಹೇಳುವುದು ಕಷ್ಟ. ಅವನು ಬರುವಾಗ ಒಂದು ಚೀಲದಲ್ಲಿ ಇಪ್ಪತ್ತು ಬಗೆಯ ಕೇಬಲ್ಲು, ಇನ್ನೊಂದರಲ್ಲಿ ತನ್ನ ಮನೆಯ ಹೊಸ ಸ್ಕ್ಯಾನರ್ ತಂದಿದ್ದ.

"ಈ ಮುದುಕನ ಜೊತೆ ಯಾಕೆ ಒದ್ದಾಡ್ತೀಯ? ಇದನ್ನ ಹಾಕು, ಎರಡು ನಿಮಿಷದ ಕೆಲಸ" ಅಂದ.

"ಮುದುಕರನ್ನ ಬದಲಾಯಿಸೋದು ಅಷ್ಟು ಸುಲಭ ಆಗಿದ್ರೆ ನಿಮ್ಮ ಹೆಂಡ್ತಿ ನಿಮ್ಮನ್ನ ಯಾವಾಗಲೋ ಬದಲಾಯಿಸಿರೋರು" ಅಂದೆ. ಅವನು ಹೆಂಡತಿಗೆ ಹೆದರುವುದು ನೆಂಟರಲ್ಲೆಲ್ಲ ಪ್ರಸಿದ್ಧಿ. ಕುರ್ಚಿಯಲ್ಲಿದ್ದ ಅಕ್ಕನ ಅರ್ಧ ತುಟಿ ನಕ್ಕಿತು.

ಆದರೂ ಅವನ ಸಮಾಧಾನಕ್ಕೆ ಆ ತೆಳು ಯಂತ್ರವನ್ನು ದಪ್ಪ ಗಾಜಿನ ಕೆಳಗಿಟ್ಟು ನಾನೇ ಮೇಲೆ ಹತ್ತಿ ನಿಂತೆ. ಚಿತ್ರ ಬಂತು. ಬಂದದ್ದು ಪಾದವಲ್ಲ, ಮಂಜು. ಆ ಹೊಸ ಯಂತ್ರಕ್ಕೆ ತನ್ನ ಮೈಗೆ ತಗುಲಿದ ಕಾಗದ ಮಾತ್ರ ಕಾಣುತ್ತದಂತೆ, ಒಂದು ಬೆರಳು ದೂರ ಹೋದರೆ ಎಲ್ಲವೂ ಮಸುಕು. ನಮ್ಮ ಹಳಬನಿಗೆ ದೂರದ ಕಣ್ಣಿದೆ. ಗಾಜಿನ ದಪ್ಪ ದಾಟಿ, ಅಂಗಾಲಿನ ಕಮಾನಿನ ಒಳಗಿನ ಗೆರೆಯನ್ನೂ ನೋಡುತ್ತಾನೆ. ಭಾವ ಒಪ್ಪಿಕೊಂಡ. "ಹಾಗಾದ್ರೆ ಮುದುಕನೇ ಬೇಕು" ಅಂದು ಕಣ್ಣು ಮುಚ್ಚಿದ. ಈ ಸಲ ಅದು ಯೋಚನೆಯಾಗಿತ್ತು.

ಆಮೇಲಿನ ದಿನಗಳು ನನಗೆ ಒಂದೇ ಉದ್ದನೆಯ ಮಧ್ಯಾಹ್ನದಂತೆ ನೆನಪಿವೆ. ಭಾವ ದಿನಾ ಊಟ ಮುಗಿಸಿ ಬರುತ್ತಿದ್ದ. ಪೆಟ್ಟಿಗೆಯ ಪಕ್ಕದಲ್ಲಿ ಕೇಬಲ್ ಹೊರಬರುವ ಒಂದು ಪುಟ್ಟ ಬಾಗಿಲಿದೆ, ಅದರೊಳಗೆ ಭುಜದವರೆಗೆ ಕೈ ತೂರಿಸಿ ತಡಕಾಡುತ್ತಿದ್ದ. ಕೇಬಲ್ಲಿನ ಮೂತಿಗೆ ಇನ್ನೊಂದು ಮೂತಿ, ಅದಕ್ಕೆ ಮತ್ತೊಂದು ಮೂತಿ ಸಿಕ್ಕಿಸಿ ಅಂತೂ ಹೊಸ ಕಂಪ್ಯೂಟರಿನ ತೂತಿಗೆ ಮುಟ್ಟಿಸಿದ. ಕಂಪ್ಯೂಟರ್, ಏನೋ ಬಂದು ಕೂತಿದೆ, ಆದರೆ ಇದು ಯಾರೋ ಗೊತ್ತಿಲ್ಲ ಅಂದಿತು. ಸ್ಕ್ಯಾನರಿನ ಭಾಷೆ ಕಲಿಸುವ ತಟ್ಟೆಯನ್ನು, ಅಕ್ಕ ಹೊಸತರಲ್ಲೇ ಹಳದಿ ಲಕೋಟೆಯಲ್ಲಿ ಹಾಕಿಟ್ಟಿದ್ದ ಸಿಡಿಯನ್ನು, ನಾನು ಹುಡುಕಿಕೊಟ್ಟೆ. ಹೊಸ ಕಂಪ್ಯೂಟರಿಗೆ ಸಿಡಿ ಹಾಕಲು ಬಾಯೇ ಇಲ್ಲ. ಭಾವ ತನ್ನ ಮನೆಯಿಂದ ಬಾಯಿ ತಂದ. ಸಿಡಿ ಓದಿದ ಮೇಲೆ ಕಂಪ್ಯೂಟರ್, ಇದು ನನ್ನ ಕಾಲದ್ದಲ್ಲ ಅಂದಿತು.

ನನಗೆ ತಲೆ ಕೆಟ್ಟುಹೋಗಿತ್ತು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ದಿನಾ ಬೆಳಗ್ಗೆ ಎದ್ದು ಅಕ್ಕನ ಹರಡು ಮುಟ್ಟಿ ನೋಡುತ್ತಿದ್ದೆ, ಬಿಗಿಯಾಯಿತೇ ಅಂತ. ಅವಳು ಮಾತ್ರ ಬಕಲ್ ಹಿಸುಕುತ್ತ ನಮ್ಮಿಬ್ಬರ ಪಾಡು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಭಾವ ಕಣ್ಣು ತೆರೆದು ಹೇಳಿದ. "ಒಂದು ಉಪಾಯ ಇದೆ. ಈ ಹೊಸ ಕಂಪ್ಯೂಟರಿಗೆ ಒಂದು ಕನಸು ಬೀಳೋ ಹಾಗೆ ಮಾಡ್ತೀನಿ."

"ಭಾವ, ನಿಮಗೆ ನಿದ್ದೆ ಬಂದಿದ್ರೆ ಒಳಗೆ ಹೋಗಿ ಮಲಗಿ."

"ಕೇಳೇ ಇಲ್ಲಿ. ಇದರ ಒಳಗೇ ಹಳೇ ಕಂಪ್ಯೂಟರ್ ಒಂದನ್ನ ಕಟ್ಟೋದು. ನಿಜವಾದ್ದಲ್ಲ, ಇದ್ದ ಹಾಗೆ ಅಷ್ಟೇ. ಇದು ಕನಸು ಕಾಣುತ್ತೆ, ಕನಸಲ್ಲಿ ಆ ಹಳೇ ಕಂಪ್ಯೂಟರ್ ಏಳುತ್ತೆ, ಸಿಡಿ ಭಾಷೆ ಅದಕ್ಕೆ ಬರುತ್ತೆ. ಸ್ಕ್ಯಾನರಿಗೆ ತಾನು ಹಳೇ ಮನೇಲೇ ಇದ್ದೀನಿ ಅನ್ಸುತ್ತೆ."

ನನಗೆ ಆ ಮಾತು ಯಾಕೋ ತುಂಬ ಇಷ್ಟವಾಯಿತು. ಮಾರನೆಯ ದಿನ ಅವನು ಕೂತು ಆ ಕನಸು ಕಟ್ಟುವುದನ್ನು ನಾನು ಹೊಲಿಗೆ ಬಿಟ್ಟು ನೋಡಿದೆ. ಬೆಳ್ಳಗಿನ ಪರದೆಯ ನಡುವೆ ಒಂದು ಪುಟ್ಟ ಚೌಕ ತೆರೆದುಕೊಂಡಿತು. ಚೌಕದೊಳಗೆ ನಮ್ಮ ಹಳೆಯ ಕಂಪ್ಯೂಟರಿನದೇ ನೀಲಿ ಬಣ್ಣ, ಅದೇ ದಪ್ಪ ಅಕ್ಷರ, ಮೂಲೆಯಲ್ಲಿ ಅದೇ ಹಸಿರು ಗುಂಡಿ. ಸತ್ತವರು ಕನಸಿಗೆ ಬಂದಾಗ ವಯಸ್ಸಾಗದೆ ಬರುತ್ತಾರಲ್ಲ, ಹಾಗೆ ಬಂದಿತ್ತು. ಅಕ್ಕನೂ ಕುತ್ತಿಗೆ ಉದ್ದ ಮಾಡಿ ನೋಡಿದಳು. ಅವಳ ಕೈಯಲ್ಲಿ ಬಕಲ್ ನಿಂತಿತ್ತು.

ಚೌಕದೊಳಗೆ ಒಂದು ಸಾಲು ಮೂಡಿತು. ಸ್ಕ್ಯಾನರ್ ಸಿಕ್ಕಿದೆ, ಸಿದ್ಧವಾಗಿದೆ.

"ಬಂತು!" ಅಂತ ನಾನು ಕೂಗಿದೆ. ಭಾವ ಗುಂಡಿ ಒತ್ತಿದ. ಗಾಜಿನ ಕೆಳಗೆ ದೀಪ ಹತ್ತಿತು. ಆಮೇಲೆ ಪೆಟ್ಟಿಗೆಯ ಹೊಟ್ಟೆಯಿಂದ ಕರಕರಕರ ಅಂತ ಹಲ್ಲು ಕಡಿಯುವ ಸದ್ದು. ದೀಪ ಇದ್ದಲ್ಲೇ ನಡುಗಿ ಆರಿಹೋಯಿತು. ಚೌಕದೊಳಗೆ ಕೆಂಪು ಅಕ್ಷರ ಬಂತು.

ಭಾವ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ ಎರಡನೇ ಸಲ ಒತ್ತಿದ. ಅದೇ ಕರಕರ, ಇನ್ನೂ ಜೋರಾಗಿ. ಇಷ್ಟು ದೂರ ಬಂದು ಕೈಕೊಟ್ಟಿತಲ್ಲ ಅಂತ ನನಗೆ ಅಳು ನುಗ್ಗಿ ಬಂತು. "ಇನ್ನೊಂದ್ಸಲ ಒತ್ತಿ ಭಾವ. ಮುರಿದ್ರೆ ಮುರೀಲಿ" ಅಂದೆ. ಅವನ ಬೆರಳು ಗುಂಡಿಯ ಮೇಲೆ ಹೋಯಿತು.

"ನಿಲ್ಸು!"

ಅಷ್ಟು ಗಟ್ಟಿ ದನಿ ನಾಲ್ಕು ತಿಂಗಳಿಂದ ಆ ಕೋಣೆಯಲ್ಲಿ ಕೇಳಿರಲಿಲ್ಲ. ಅಕ್ಕ ಕುರ್ಚಿಯ ಅಂಚಿಗೆ ಬಂದಿದ್ದಳು. "ಒತ್ಬೇಡ. ಚಕ್ರದ ಹಲ್ಲು ಮುರಿಯುತ್ತೆ. ಬೀಗ... ಬೀಗ ಹಾಕಿದೆ."

"ಯಾವ ಬೀಗ?" ಅಂದ ಭಾವ.

ಅಕ್ಕ ಬಲಗೈಯಿಂದ ಎಡಗೈ ಬೆರಳು ಬಿಡಿಸಿ ಬಕಲ್ ತೆಗೆದು ನನ್ನ ಕಡೆ ಚಾಚಿದಳು. "ಪುಟ್ಟ ಬಾಗಿಲೊಳಗೆ. ತಿರುಪು. ಇದ್ರಲ್ಲಿ ತಿರುಗ್ಸು."

ಆಗ ನನಗೆ ನೆನಪಾಯಿತು. ಸ್ಕ್ಯಾನರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಒಳಗಿನ ದೀಪ ಅಲ್ಲಾಡದಿರಲಿ ಅಂತ ಬಿಗಿದಿಡುವ ತಿರುಪು ಅದು. ಹನ್ನೊಂದು ವರ್ಷದ ಹಿಂದೆ ಈ ಮನೆಗೆ ಬರುವಾಗ ಅಕ್ಕ ಬಿಗಿದಿದ್ದಳು, ಬಂದ ದಿನವೇ ಬಿಚ್ಚಿದ್ದಳು. ಅಂಥದ್ದೊಂದು ಇದೆ ಅನ್ನುವುದನ್ನೇ ನಾನು ಮರೆತಿದ್ದೆ. ಭಾವನ ಕೈ ಅದರ ಪಕ್ಕದಲ್ಲೇ ಇಪ್ಪತ್ತು ಸಲ ಓಡಾಡಿತ್ತು. ನಾನು ಮಂಡಿಯೂರಿ ಕೈ ತೂರಿಸಿದೆ. ಬಕಲ್ಲಿನ ಚಪ್ಪಟೆ ತುದಿ ತಿರುಪಿನ ಸೀಳಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ತಿರುಗಿಸಿದೆ, ಟಿಕ್ ಅಂದಿತು.

ಭಾವ ಗುಂಡಿ ಒತ್ತಿದ. ದೀಪ ಹತ್ತಿ, ಒಂದು ಕ್ಷಣ ತಡೆದು, ಮೆಲ್ಲಗೆ ಹೊರಟಿತು. ಖಾಲಿ ಗಾಜಿನ ಕೆಳಗೆ ಆ ತಿಳಿಹಸಿರು ಬೆಳಕು ಈ ತುದಿಯಿಂದ ಆ ತುದಿಗೆ ಹೋಗುವುದನ್ನು ಮೂವರೂ ಉಸಿರು ಹಿಡಿದು ನೋಡಿದೆವು. ಚೌಕದೊಳಗೆ ಚಾವಣಿಯ ಮಸುಕು ಚಿತ್ರವೊಂದು ಬಿತ್ತು. ಭಾವ ಚಪ್ಪಾಳೆ ತಟ್ಟಿದ.

ನಾನು ತಟ್ಟಲಿಲ್ಲ. ನೆಲದ ಮೇಲೆ ಕೂತಲ್ಲೇ ನನ್ನ ತಲೆಯೊಳಗೆ ಬೇರೇನೋ ತಿರುಗುತ್ತಿತ್ತು. ಹಳೆಯ ಕಂಪ್ಯೂಟರ್ ಸಾಯುವ ಎರಡು ದಿನ ಮೊದಲು ಅಂಚೆಯವರೊಬ್ಬರ ಪಾದ ಇದೇ ಸ್ಕ್ಯಾನರಿನಲ್ಲಿ ತೆಗೆದಿದ್ದೆ. ಆಗ ಬೀಗ ಇರಲಿಲ್ಲ. ಆಮೇಲೆ ಮನೆಯೊಳಗೆ ಬಂದವರು ಭಾವ ಮತ್ತು ಫಿಸಿಯೋ, ಇಬ್ಬರಿಗೂ ಅದರ ಸುದ್ದಿ ಗೊತ್ತಿಲ್ಲ. ನಾನು ಮನೆ ಬಿಟ್ಟು ಹೋಗಿದ್ದು ಒಂದೇ ದಿನ, ಕಂಪ್ಯೂಟರ್ ತಂದ ಬುಧವಾರ.

"ಅಕ್ಕ, ಬೀಗ ಯಾವಾಗ ಹಾಕಿದೆ?"

ಅವಳು ಕಿಟಕಿಯ ಕಡೆ ನೋಡಿದಳು. "ನೀನು ಕಂಪ್ಯೂಟರ್ ತರೋಕೆ ಹೋದಾಗ."

"ಕುರ್ಚಿಯಿಂದ ಇಲ್ಲಿಗೆ ಹೇಗೆ ಬಂದೆ?"

"ಬಂದೆ."

"ಹಾರ್ಕೊಂಡು ಬಂದ್ಯಾ?"

ಕದ್ದು ಸಿಕ್ಕಿಬಿದ್ದವಳ ದನಿಯಲ್ಲಿ ಹೇಳಿದಳು. "ನಡ್ಕೊಂಡು. ಗೋಡೆ ಹಿಡ್ಕೊಂಡು."

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಈ ಗುಮ್ಮನಗುಸುಕಿ ನಮ್ಮಿಬ್ಬರನ್ನು ಕೋತಿ ಕುಣಿಸಿದ ಹಾಗೆ ಕುಣಿಸಿದಳಲ್ಲ! ನಾನು ಬೆಳಗಾಗೆದ್ದು ಅವಳ ಹರಡು ಮುಟ್ಟಿ ಮುಟ್ಟಿ ಅಳುತ್ತಿದ್ದರೆ ಇವಳು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳಲ್ಲ! ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕು ಅಂತ ಎದ್ದೆ. ಎದ್ದು ನಿಂತಾಗ ಕುರ್ಚಿಗೂ ಪೆಟ್ಟಿಗೆಗೂ ನಡುವಿನ ನೆಲ ಕಾಣಿಸಿತು. ನನ್ನ ಕಾಲಿಗೆ ಏಳು ಹೆಜ್ಜೆ. ನಿಲ್ಲಲು ಹೆದರಿದವಳು, ನಿಲ್ಲುವುದನ್ನು ತಪ್ಪಿಸಿಕೊಳ್ಳಲು, ಅಷ್ಟು ದೂರ ನಡೆದು ಬಂದು, ಬೀಗ ಬಿಗಿದು, ಕಂಬಿ ಹಿಡಿದು ಎದ್ದು, ಮತ್ತೆ ನಡೆದು ಹೋಗಿ ಏನೂ ಅರಿಯದವಳ ಹಾಗೆ ಕೂತಿದ್ದಳು. ನನಗೆ ನಗು ಬಂತು, ಜೊತೆಗೇ ಅಳುವೂ ಬಂತು.

"ಯಾಕೆ ಹೀಗ್ಮಾಡ್ದೆ?"

"ಹೆದರಿಕೆ ಆಯ್ತು ಕಣೇ." ಮಾತು ಚೂರುಚೂರಾಗಿ ಬಂತು, ಆದರೆ ಈ ಸಲ ನಿಲ್ಲಿಸಲಿಲ್ಲ. "ಬಿಳಿ ಇಲ್ದಿದ್ರೆ? ಆ ಬಡಗಿಗೆ ನಾನೇ ಹೇಳಿದ್ನಲ್ಲ. ಮುಟ್ಟಿದೆ ಅಷ್ಟೇ, ನಿಂತಿಲ್ಲ ಅಂತ. ನನಗೆ ನಾನೇ ಹೇಗೆ ಹೇಳ್ಕೊಳ್ಲಿ?"

"ಗೋಡೆ ಹಿಡ್ಕೊಂಡು ಬಂದ್ಯಲ್ಲ, ಆಗ ನಿಂತಿತ್ತೋ ಇಲ್ವೋ?"

"ಗೊತ್ತಿಲ್ಲ. ಗೋಡೆ ನಿಂತಿತ್ತು." ಅಂದಳು ಅಕ್ಕ. "ಚಿತ್ರ ನೋಡಿದ್ರೇ ಗೊತ್ತಾಗೋದು."

"ಹಾಗಿದ್ರೆ ನೋಡೋಣ ಬಾ."

ಬರುತ್ತಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಬಿಸಿಲು ಕೊನೆಯ ಅಚ್ಚು ದಾಟಿ ಗೋಡೆಗೆ ಹೋಗಿತ್ತು. ಅಕ್ಕ ಗಾಜನ್ನು ನೋಡಿದಳು, ಪರದೆಯ ನೀಲಿ ಚೌಕವನ್ನು ನೋಡಿದಳು, ಆಮೇಲೆ ನನ್ನ ಕಡೆ ಬಲಗೈ ಚಾಚಿದಳು.

ಆ ಏಳು ಹೆಜ್ಜೆಗೆ ಎಷ್ಟು ಹೊತ್ತಾಯಿತೋ ಹೇಳಲಾರೆ. ಎಡಗಾಲು ನೆಲ ಸವರಿಕೊಂಡು ಬಂತು. ಭಾವ ಅವಳ ಮುಂದೆ ಹಿಂದುಹಿಂದಕ್ಕೆ ನಡೆಯುತ್ತ, ಎರಡೂ ಕೈ ಚಾಚಿ, ತಾನೇ ಬೀಳುವವನ ಹಾಗೆ ಓಲಾಡಿದ. ಅಕ್ಕ ಕಂಬಿ ಹಿಡಿದು ಗಾಜಿನ ಮೇಲೆ ಹತ್ತಿದಳು. ನಾನು ಹಿಂದಿನಿಂದ ಅವಳ ಎರಡೂ ಕಂಕುಳಲ್ಲಿ ಕೈ ಕೊಟ್ಟು ಗಟ್ಟಿಯಾಗಿ ಹಿಡಿದೆ. ಭಾವ ಗುಂಡಿ ಒತ್ತಿದ. ದೀಪ ಹಿಮ್ಮಡಿಯಿಂದ ಹೊರಟಿತು. ನಾವಿಬ್ಬರೂ ಆ ಬೆಳಕಿನ ಮೇಲೆ ನೆಲ ಬಿಟ್ಟು ತೇಲುತ್ತಿದ್ದೇವೆ ಅನ್ನಿಸಿತು ನನಗೆ.

ಚಿತ್ರ ಗೆರೆಗೆರೆಯಾಗಿ ಬಂತು. ಮೊದಲು ಬಲ ಹಿಮ್ಮಡಿ, ಅಗಲಕ್ಕೆ, ಬೆಳ್ಳಗೆ. ಪಕ್ಕದಲ್ಲಿ ಎಡ ಹಿಮ್ಮಡಿ, ಕಂದು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಚಿತ್ರ ಮುಗಿದಿತ್ತು, ಅಕ್ಕ ಮುಂದಕ್ಕೆ ಬಾಗಿ ಓದುತ್ತಿದ್ದಳು. ಎಡ ಪಾದದ ಹೊರಗಿನ ಅಂಚಿನಲ್ಲಿ, ಕಿರುಬೆರಳಿನ ಬುಡದಲ್ಲಿ, ಒಂದು ಸಣ್ಣ ಬಿಳಿ. ಉಗುರಿನಷ್ಟು ಇರಬಹುದು.

"ಇದೆ ಅಕ್ಕ! ಬಿಳಿ ಇದೆ!" ನಾನು ಕಿರುಚಿದೆ.

ಅವಳು ಹಿಗ್ಗಲಿಲ್ಲ. ಮೂವತ್ತು ವರ್ಷ ಬಂದವರ ಮುಂದೆ ನಿಂತು ಹೇಗೆ ನೋಡುತ್ತಿದ್ದಳೋ ಹಾಗೇ ನೋಡಿದಳು. ಕಡೆಗೆ ತಲೆ ಅಲ್ಲಾಡಿಸಿದಳು.

"ಈ ಚಿತ್ರ ಆಗಲ್ಲ. ನೀನು ಹಿಡ್ಕೊಂಡಿದ್ದೀಯ. ಅರ್ಧ ಭಾರ ನಿನ್ನ ಕೈಯಲ್ಲಿದೆ." ಅವಳು ಕಂಬಿಯಿಂದ ತನ್ನ ಬಲಗೈಯನ್ನು ಒಂದೊಂದೇ ಬೆರಳು ಬಿಡಿಸಿ ತೆಗೆದಳು. "ಇನ್ನೊಂದು ತೆಗಿ. ಕೈ ಬಿಡು."

"ಬಿದ್ರೆ?"

"ಯಾರೂ ಹಿಡ್ಕೋಬಾರ್ದು ಅಂತ ಎಲ್ಲರಿಗೂ ಹೇಳ್ತೀನಲ್ಲ. ಬಿಡೇ."

ನಾನು ಕೈ ಬಿಟ್ಟೆ. ಭಾವ ಗುಂಡಿ ಒತ್ತಿದ. ದೀಪ ಅವಳ ಹಿಮ್ಮಡಿಯ ಕೆಳಗಿಂದ ಮೆಲ್ಲಗೆ ಹೊರಟಿತು, ನಾನು ಒಂದು, ಎರಡು ಅಂತ ಎಣಿಸತೊಡಗಿದೆ. ನಲವತ್ತರವರೆಗೂ ಎಣಿಸಿದೆ. ಅಕ್ಕ ನಿಂತೇ ಇದ್ದಳು.